ಗಾಳಿ ಅಡಗಿದ ಮೇಲೆ ಬರುವ ನೀರು



ಚಂಡಮಾರುತವೆಂದರೆ ಬೀದರಿನವರಿಗೆ ದೂರದ ಸುದ್ದಿ. ಅದು ಕರಾವಳಿಯ ಸಂಕಟ, ದ್ವೀಪಗಳ ಸಂಕಟ ಎಂದೇ ನಾವು ತಿಳಿದಿದ್ದೇವೆ. ಈ ತಿಳಿವಳಿಕೆಗೆ ಆಧಾರವಿಲ್ಲದಿಲ್ಲ. 2017ರ ಡಿಸೆಂಬರ್ ಮೊದಲ ದಿನಗಳಲ್ಲಿ ಓಖಿ ಚಂಡಮಾರುತ ಲಕ್ಷದ್ವೀಪವನ್ನು ಹಾದುಹೋದಾಗ ಮಿನಿಕಾಯ್‌ನಂಥ ಕಿರುದ್ವೀಪದ ಜನ ಹಿಂದೆ ಸರಿದು ನಿಲ್ಲೋಣವೆಂದರೆ ಅಲ್ಲಿ ಒಳನಾಡೆಂಬುದೇ ಇರಲಿಲ್ಲ. ಸುತ್ತಲೂ ಕಡಲು, ನಡುವೆ ಒಂದು ಹಿಡಿ ನೆಲ. ಬೀದರ್ ನಗರವಾದರೋ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಕಾಕಿನಾಡದ ಕಡಲು ಇಲ್ಲಿಂದ ಸುಮಾರು 500 ಕಿಲೋಮೀಟರ್ ದೂರ. ಇಷ್ಟು ದೂರ ಬರುವಷ್ಟರಲ್ಲಿ ಬಿರುಗಾಳಿಯ ಉಸಿರು ಕಟ್ಟುತ್ತದೆ, ನಿಜ. ಆದರೆ ಗಾಳಿ ಅಡಗಿತೆಂದರೆ ಚಂಡಮಾರುತ ಮುಗಿಯಿತೆಂದಲ್ಲ. ದಖ್ಖನಿನ ಮಟ್ಟಿಗೆ ಅದರ ಎರಡನೆಯ ಬದುಕು ಆಗಲೇ ಆರಂಭವಾಗುತ್ತದೆ. ಕಡಲತಡಿ ಅದನ್ನು ಗಾಳಿಯಿಂದ ಅಳೆಯಲಿ. ನಾವು ನೀರಿನಿಂದ ಅಳೆಯಬೇಕು. ನಮ್ಮ ಎಚ್ಚರಿಕೆ, ನಮ್ಮ ಸಿದ್ಧತೆ, ನಮ್ಮ ಪರಿಹಾರ ಎಲ್ಲವೂ ಈ ಅಳತೆಯ ಮೇಲೆ ನಿಲ್ಲಬೇಕು. ಇಂದಿನ ಉಪನ್ಯಾಸದ ವಾದ ಇಷ್ಟೇ.

ಹವಾಮಾನ ಇಲಾಖೆಯ ವರ್ಗೀಕರಣವನ್ನೇ ನೋಡೋಣ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಮಾತ್ರ ಅದು ಚಂಡಮಾರುತ. ಆಗಲೇ ಅದಕ್ಕೊಂದು ಹೆಸರು. ಅದಕ್ಕಿಂತ ಕಡಿಮೆಯಾದರೆ ಬರೀ ವಾಯುಭಾರ ಕುಸಿತ. ದೋಣಿ, ತೆಂಗಿನ ಮರ, ಮನೆಯ ಮಾಡು ಉಳಿಸಿಕೊಳ್ಳಬೇಕಾದವರಿಗೆ ಈ ಲೆಕ್ಕ ಸರಿ. ಆದರೆ 2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಬಳಿ ದಡ ಸೇರಿದ್ದು ಒಂದು ತೀವ್ರ ವಾಯುಭಾರ ಕುಸಿತ. ಅದಕ್ಕೆ ಹೆಸರೇ ಇರಲಿಲ್ಲ. ಅದೇ ದಿನ ರಾತ್ರಿಯೊಳಗೆ ಅದು ಹೈದರಾಬಾದನ್ನು ಮುಳುಗಿಸಿತು. ಮುಂದೆ ಕರ್ನಾಟಕದ ಉತ್ತರ ಒಳನಾಡನ್ನು ದಾಟಿ ಅರಬ್ಬಿ ಸಮುದ್ರ ಸೇರಿತು. ಆ ವಾರ ಕಲಬುರಗಿ, ಯಾದಗಿರಿ, ವಿಜಯಪುರದ ಭೀಮಾ ತೀರದ ಊರುಗಳು ಕಂಡ ಪ್ರವಾಹವನ್ನು ಈ ಭಾಗ ಮರೆತಿಲ್ಲ. ಹೆಸರಿಲ್ಲದ್ದು ಹೆಸರುಳ್ಳ ಎಷ್ಟೋ ಚಂಡಮಾರುತಗಳಿಗಿಂತ ಹೆಚ್ಚು ಹಾನಿ ಮಾಡಿತು. ಮರುವರ್ಷ ಗುಲಾಬ್ ಬಂತು. 2021ರ ಸೆಪ್ಟೆಂಬರ್ 26ರಂದು ಕಳಿಂಗಪಟ್ಟಣದ ಬಳಿ ದಡ ಹತ್ತಿ, ತೆಲಂಗಾಣದಲ್ಲಿ ದುರ್ಬಲವಾಗಿ, ಮರಾಠವಾಡದ ಮೇಲೆ ಮಳೆ ಸುರಿಸಿತು. ಅಲ್ಲಿಂದ ನಮ್ಮ ಜಿಲ್ಲೆಗೆ ಹರಿದುಬರುವ ಮಾಂಜ್ರಾ ನದಿಗೆ ಬೀಡ್ ಜಿಲ್ಲೆಯ ಧನೇಗಾಂವದಲ್ಲಿ ಕಟ್ಟಿದ ಜಲಾಶಯದ ಗೇಟುಗಳನ್ನು ತೆರೆಯಬೇಕಾಯಿತು. ಅದೇ ಕುಸಿತದ ಅವಶೇಷ ಅರಬ್ಬಿ ಸಮುದ್ರದಲ್ಲಿ ಮತ್ತೆ ಬಲಗೊಂಡು, ಶಾಹೀನ್ ಎಂಬ ಹೊಸ ಹೆಸರು ಹೊತ್ತು ಅಕ್ಟೋಬರ್ 3ರಂದು ಒಮಾನಿಗೆ ಅಪ್ಪಳಿಸಿತು. ಎರಡು ಹೆಸರುಗಳ ನಡುವಿನ ಆ ಅನಾಮಧೇಯ ದಿನಗಳೇ ಮಾಂಜ್ರಾ ಕಣಿವೆಗೆ ಗಂಡಾಂತರದ ದಿನಗಳು.

ಗಾಳಿ ಅಡಗಿದ ಮೇಲೂ ಮಳೆ ಸುರಿಯುವುದಕ್ಕೆ ಕಾರಣ ಪ್ರಕೃತಿಯಲ್ಲೇ ಇದೆ. ಕಡಲ ಬಿಸಿನೀರಿನಿಂದೇಳುವ ಆವಿ ಚಂಡಮಾರುತದ ಉರುವಲು. ನೆಲಕ್ಕೆ ಬಂದೊಡನೆ ಉರುವಲು ತಪ್ಪುತ್ತದೆ, ಸುಳಿ ಸಡಿಲವಾಗುತ್ತದೆ. ಆದರೆ ಹೊತ್ತು ತಂದ ತೇವ ಅಲ್ಲೇ ಇರುತ್ತದೆ. ಮುಂಗಾರಿನ ಕೊನೆಗಾಲವಾದರೆ ಅರಬ್ಬಿ ಕಡಲ ಕಡೆಯಿಂದಲೂ ತೇವ ಬಂದು ಕೂಡುತ್ತದೆ. ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ ಕಾಣುವ ಬೀದರ್ ಜಿಲ್ಲೆಯಲ್ಲಿ ಅದರ ದೊಡ್ಡ ಪಾಲು ಒಂದೆರಡು ದಿನದಲ್ಲೇ ಸುರಿದರೆ ನೆಲ ತಡೆಯುವುದಿಲ್ಲ. ಅದರಲ್ಲೂ ಎಲ್ಲ ನೆಲವೂ ಒಂದೇ ಬಗೆಯದಲ್ಲ. ಬೀದರ್ ನಗರದ ಕೆಳಗಿನ ಜಂಬಿಟ್ಟಿಗೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಗುಣವನ್ನು ನಂಬಿಯೇ ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ತೋಡಿದರು. ಭಾಲ್ಕಿ, ಔರಾದ್ ಸೀಮೆಯ ಎರೆಭೂಮಿ ಹಾಗಲ್ಲ. ಬಿರುಕುಗಳು ಮೊದಲ ಮಳೆಯನ್ನು ಕುಡಿಯುತ್ತವೆ, ಆಮೇಲೆ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ. ಮೇಲೆ ಬಿದ್ದದ್ದೆಲ್ಲ ನಿಲ್ಲುತ್ತದೆ, ಇಲ್ಲವೇ ನಾಲೆ ಹಿಡಿದು ಮಾಂಜ್ರಾಕ್ಕೆ ಇಳಿಯುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಎಂದರೆ ಸೋಯಾ ಕೊಯ್ದು ಬಣವೆ ಹಾಕುವ ಹೊತ್ತು. ಒಣಗಬೇಕಾದ ಕಾಯಿ ತೋಯ್ದು ಮೊಳಕೆಯೊಡೆಯುತ್ತದೆ. ನಿಂತ ನೀರಿನಲ್ಲಿ ತೊಗರಿಯ ಬೇರು ಕೊಳೆಯುತ್ತದೆ. ಸೇತುವೆ ಮುಳುಗಿತೆಂದರೆ ಹೊಳೆದಂಡೆಯ ಊರು ನಡುಗಡ್ಡೆಯಾಗುತ್ತದೆ. ಮಿನಿಕಾಯ್‌ಗೆ ಹುಟ್ಟಿನಿಂದ ಬಂದ ಒಂಟಿತನ ನಮ್ಮ ಹಳ್ಳಿಗೆ ಒಂದೇ ರಾತ್ರಿಯಲ್ಲಿ ಬರುತ್ತದೆ.

ನನ್ನ ವಾದಕ್ಕೆ ಆಕ್ಷೇಪಗಳುಂಟು. ಬೀದರ್ ಬರಪೀಡಿತ ಜಿಲ್ಲೆ; ಇಂಥ ಮಳೆ ಬಂದರೇ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಕಾರಂಜಾ ಜಲಾಶಯ ತುಂಬುವುದು, ಇದನ್ನು ವರವೆನ್ನದೆ ಶಾಪವೆನ್ನುವುದೇಕೆ ಎಂಬುದು ಮೊದಲನೆಯದು. ಮಾತು ತೂಕದ್ದೇ. ಆದರೆ ಮಳೆ ವರವಾಗುವುದೂ ಶಾಪವಾಗುವುದೂ ಮುನ್ಸಿದ್ಧತೆಯ ಮೇಲೆ ನಿಂತಿದೆ. ಇದಕ್ಕೆ ಸಾಕ್ಷಿ ನೆರೆಮನೆಯಲ್ಲೇ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಬೀದರ್ ಆಗ ಅದೇ ನಿಜಾಮ ಸಂಸ್ಥಾನದ ಭಾಗ. ಪರಿಹಾರ ಸೂಚಿಸಲು ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನಗರದ ಮೇಲ್ಗಡೆ ಜಲಾಶಯ ಕಟ್ಟಿ ನೆರೆಯನ್ನು ಹಿಡಿಯಬೇಕೆಂದರು. ಆ ಯೋಜನೆಯಿಂದ ಮೂಡಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಪ್ರವಾಹ ತಡೆದವು, ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಬರ ಮತ್ತು ನೆರೆ ಬೇರೆ ಬೇರೆ ಶತ್ರುಗಳಲ್ಲ, ಒಂದೇ ನೀರಿನ ಎರಡು ಲೆಕ್ಕ ಎಂಬುದನ್ನು ಅವರು ಕಂಡಿದ್ದರು. ಎರಡನೆಯ ಆಕ್ಷೇಪ ಹೀಗಿದೆ: ಹಾನಿಗೆ ಕಾರಣ ಒತ್ತುವರಿಯಾದ ನಾಲೆ, ಹೂಳು ತುಂಬಿದ ಕೆರೆ, ತಗ್ಗು ಸೇತುವೆ, ಆಕಾಶವನ್ನು ದೂರುವುದು ಆಡಳಿತದ ತಪ್ಪಿಗೆ ಪರದೆ ಎಳೆದಂತೆ. ಇದೂ ಸರಿಯೇ. ಆದರೆ ನಾಲೆ ಎಷ್ಟು ಅಗಲವಿರಬೇಕು, ಸೇತುವೆ ಎಷ್ಟು ಎತ್ತರವಿರಬೇಕು ಎಂದು ನಿರ್ಧರಿಸಲು ಒಂದು ಅಳತೆ ಬೇಕಲ್ಲವೆ? ಸಾಧಾರಣ ಮುಂಗಾರನ್ನೇ ಅಳತೆಗೋಲು ಮಾಡಿಕೊಂಡರೆ ಕಟ್ಟಿದ್ದೆಲ್ಲ ಕಿರಿದಾಗುತ್ತದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ತೇವ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ನಾಳೆಯ ಕುಸಿತ ನಿನ್ನೆಯದಕ್ಕಿಂತ ಹೆಚ್ಚು ನೀರು ಹೊತ್ತು ಬರಬಲ್ಲದು.

ಹಾಗಾದರೆ ಮಾಡಬೇಕಾದ್ದೇನು? ಮಾಂಜ್ರಾ ಮಹಾರಾಷ್ಟ್ರದಲ್ಲಿ ಹುಟ್ಟಿ, ಭಾಲ್ಕಿ ಮತ್ತು ಔರಾದ್ ಸೀಮೆಗಳ ನಡುವೆ ಹರಿದು, ತೆಲಂಗಾಣದ ಸಿಂಗೂರು, ನಿಜಾಮಸಾಗರ ಜಲಾಶಯಗಳನ್ನು ತುಂಬಿ ಗೋದಾವರಿ ಸೇರುವ ನದಿ. ಆದ್ದರಿಂದ ಎಚ್ಚರಿಕೆ ರಾಜ್ಯದ ಗಡಿ ನೋಡಿ ನಿಲ್ಲಬಾರದು, ನದಿಯ ಜೊತೆ ಹರಿಯಬೇಕು. ಧನೇಗಾಂವದ ಗೇಟು ತೆರೆಯುವ ಮೊದಲೇ ಭಾಲ್ಕಿಯ ತಹಶೀಲ್ದಾರರಿಗೆ, ಅವರಿಂದ ಹೊಳೆದಂಡೆಯ ಪಂಚಾಯಿತಿಗಳಿಗೆ ಸುದ್ದಿ ಮುಟ್ಟಬೇಕು. ಕಾಕಿನಾಡ, ಕಳಿಂಗಪಟ್ಟಣದ ಬಳಿ ಕುಸಿತ ದಡ ಹತ್ತಿದ ದಿನವೇ ಇಲ್ಲಿ ಸೋಯಾ ಕೊಯ್ಲು ತಡೆಯಬೇಕೇ, ಬಣವೆ ಮುಚ್ಚಬೇಕೇ ಎಂಬ ಮಾತು ರೈತರ ಕಿವಿಗೆ ಬೀಳಬೇಕು. ಪರಿಹಾರದ ಮಾತಿಗೆ ಬಂದರೆ, ಬೆಳೆವಿಮೆಯ ಫಸಲ್ ಬಿಮಾ ಯೋಜನೆಯ ನಿಯಮಗಳೇ ಚಂಡಮಾರುತದ ಮಳೆಯನ್ನು ಹೆಸರಿಸಿ, ಕೊಯ್ದು ಹೊಲದಲ್ಲಿ ಒಣಹಾಕಿದ ಬೆಳೆಗೆ 14 ದಿನಗಳ ರಕ್ಷಣೆ ಕೊಡುತ್ತವೆ. ಹಾನಿಯಾದ 72 ಗಂಟೆಗಳೊಳಗೆ ತಿಳಿಸಬೇಕೆಂಬ ಷರತ್ತೂ ಇದೆ. ಕಡಲಿನಿಂದ ಇಷ್ಟು ದೂರದ ರೈತನೂ ಚಂಡಮಾರುತದ ಸಂತ್ರಸ್ತನಾಗಬಹುದೆಂದು ಕಾಗದ ಒಪ್ಪಿದೆ. ನಮ್ಮ ಮನಸ್ಸು ಇನ್ನೂ ಒಪ್ಪಬೇಕಿದೆ.

ಈ ಸಭೆಯ ಯುವಕರಲ್ಲಿ ನನ್ನ ಕೋರಿಕೆ ಇಷ್ಟೇ. ಬಂಗಾಳ ಕೊಲ್ಲಿಯಲ್ಲಿ ಕುಸಿತ ಉಂಟಾಗಿದೆ ಎಂಬ ಸುದ್ದಿ ಬಂದಾಗ ಅದನ್ನು ಬೇರೆಯವರ ಸುದ್ದಿಯೆಂದು ಬದಿಗಿಡಬೇಡಿ. ಅದಕ್ಕೆ ಹೆಸರಿದೆಯೇ ಎಂದು ಕೇಳಬೇಡಿ. ಎಷ್ಟು ನೀರು ಹೊತ್ತಿದೆ, ಯಾವ ದಾರಿ ಹಿಡಿದಿದೆ ಎಂದು ಕೇಳಿ. ಉತ್ತರವನ್ನು ನಿಮ್ಮ ಊರಿಗೆ ಮುಟ್ಟಿಸಿ.