ಆಟಗಾರ ಹೋಗುತ್ತಾನೆ, ಅಭಿಮಾನಿ ಉಳಿಯುತ್ತಾನೆ

(ಕಿತ್ತೂರಿನಲ್ಲಿ ಕ್ರೀಡಾಸಕ್ತರ ಮುಂದೆ ಮಾಡಿದ ಭಾಷಣದ ಪಠ್ಯ)



ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಜನರಿಗೆ ಸವಾಲು ಕೂಗುವುದು ಹೊಸ ಸಂಗತಿಯೇನಲ್ಲ. ಮಾರುಕಟ್ಟೆಯ ಪ್ರಾಂಗಣದಲ್ಲಿ ಹತ್ತಿಯೂ ಕಡಲೆಯೂ ಲಿಲಾವಿಗೆ ಬರುತ್ತವೆ. ಜಾತ್ರೆಯಲ್ಲಿ ದೇವರಿಗೆ ಒಪ್ಪಿಸಿದ ತೆಂಗಿನಕಾಯಿಗೂ ಸವಾಲು ನಡೆಯುತ್ತದೆ. ಆದರೆ ಮನುಷ್ಯರ ಹೆಸರು ಹಿಡಿದು ಸವಾಲು ಕೂಗುವುದನ್ನು ಮನೆಮನೆಯ ಟಿ.ವಿ.ಗೆ ತಂದದ್ದು ಐಪಿಎಲ್ ಕ್ರಿಕೆಟ್. 2008ರ ಫೆಬ್ರವರಿ 20ರಂದು ಮುಂಬೈಯಲ್ಲಿ ಮೊದಲ ಹರಾಜು ನಡೆಯಿತು. ಅಂದಿನಿಂದ ಆಟ ನಡೆಯದ ತಿಂಗಳುಗಳಲ್ಲೂ ಚಹಾದಂಗಡಿಯ ಕಟ್ಟೆಯ ಮೇಲೆ ಆಟದ ಮಾತು ನಿಂತಿಲ್ಲ. ಯಾರನ್ನು ಉಳಿಸಿಕೊಂಡರು, ಯಾರನ್ನು ಬಿಟ್ಟರು, ಯಾರಿಗೆ ಎಷ್ಟು ಕೋಟಿ ಸುರಿದರು ಎಂಬುದೇ ಆ ದಿನಗಳ ಚರ್ಚೆ.

ಈ ಚರ್ಚೆಯನ್ನು ಕೆಲಸವಿಲ್ಲದವರ ಹರಟೆ ಎಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ‘ನಮ್ಮ ತಂಡ’ ಎಂದರೆ ಏನು ಎಂಬ ಪ್ರಶ್ನೆ ಅದರೊಳಗೆ ಅಡಗಿದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಹರಾಜಿನಲ್ಲಿ ಮಾರಾಟವಾಗುವುದು ಮನುಷ್ಯನಲ್ಲ, ಒಂದು ಋತುವಿನ ಆಟಕ್ಕಾಗಿ ಆತನೊಡನೆ ಮಾಡಿಕೊಳ್ಳುವ ಕರಾರು. ಕೂಗಿದ ಮೊತ್ತ ಆಟಗಾರನ ಸಂಬಳ. ಪ್ರತಿ ತಂಡಕ್ಕೂ ಖರ್ಚಿನ ಮಿತಿ ಇದೆ. 2025ರ ಆವೃತ್ತಿಗೆ ಅದು 120 ಕೋಟಿ ರೂಪಾಯಿ. ರಾಯಲ್ ಚಾಲೆಂಜರ್ಸ್ ಬೆಂಗಳೂರು, ಅಂದರೆ ಜನರ ಬಾಯಲ್ಲಿನ ಆರ್‌ಸಿಬಿ, ವಿರಾಟ್ ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರ್‌ಗೆ 11 ಕೋಟಿ, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡಿತು. ಉಳಿದದ್ದು 83 ಕೋಟಿ. ಅಷ್ಟರಲ್ಲೇ ಇಡೀ ತಂಡ ಕಟ್ಟಬೇಕು. ದನದ ಸಂತೆಗೆ ಹೋದ ರೈತ ಕಿಸೆಯ ಹಣವನ್ನೆಲ್ಲ ಒಂದೇ ಹೋರಿಗೆ ಸುರಿದರೆ ಜೋಡಿ ಎತ್ತು ಮನೆಗೆ ಬರುವುದಿಲ್ಲ. ಇಲ್ಲಿನ ಲೆಕ್ಕವೂ ಅಷ್ಟೇ.

ಆಟಗಾರರ ಹೋಗುಬರುವಿಕೆಯ ಬಗ್ಗೆ ಅಭಿಮಾನಿಗಳು ಆಡುವ ಮಾತುಗಳನ್ನು ಗಮನಿಸಿದರೆ ಮೂರು ವಾದಗಳು ಕಾಣುತ್ತವೆ. ಒಂದು ಮಣ್ಣಿನ ವಾದ, ಎರಡನೆಯದು ಋಣದ ವಾದ, ಮೂರನೆಯದು ಲೆಕ್ಕದ ವಾದ.

ಮಣ್ಣಿನ ವಾದ ಹೇಳುವುದಿಷ್ಟು: ಬೆಂಗಳೂರಿನ ಹೆಸರು ಹೊತ್ತ ತಂಡದಲ್ಲಿ ಕರ್ನಾಟಕದ ಹುಡುಗರಿರಬೇಕು. 2008ರ ಮೊದಲ ತಂಡದಲ್ಲಿ ರಾಹುಲ್ ದ್ರಾವಿಡ್ ನಾಯಕ, ಅನಿಲ್ ಕುಂಬ್ಳೆ ಜೊತೆಗಾರ. ಅದನ್ನು ‘ಟೆಸ್ಟ್ ತಂಡ’ ಎಂದು ಹಾಸ್ಯ ಮಾಡಿದವರಿದ್ದರು. 14 ಪಂದ್ಯಗಳಲ್ಲಿ ನಾಲ್ಕನ್ನು ಮಾತ್ರ ಗೆದ್ದು ಎಂಟು ತಂಡಗಳಲ್ಲಿ ಏಳನೆಯದಾಯಿತು. ಮರುವರ್ಷ ಕುಂಬ್ಳೆ ನಾಯಕತ್ವದಲ್ಲಿ ಫೈನಲ್ ತಲುಪಿ ಡೆಕ್ಕನ್ ಚಾರ್ಜರ್ಸ್‌ಗೆ 6 ರನ್‌ಗಳಿಂದ ಸೋತಿತು. ಆದರೆ 2011ರ ದೊಡ್ಡ ಹರಾಜಿಗೆ ಮುನ್ನ ಉಳಿಸಿಕೊಂಡದ್ದು ಕೊಹ್ಲಿ ಒಬ್ಬರನ್ನೇ. ದ್ರಾವಿಡ್ ರಾಜಸ್ಥಾನಕ್ಕೆ, ರಾಬಿನ್ ಉತ್ತಪ್ಪ ಪುಣೆಗೆ ಹೋದರು. ಕುಂಬ್ಳೆ ಆಟದಿಂದ ದೂರ ಸರಿದರು. ಕನ್ನಡಿಗರು ಮನೆ ಬಿಟ್ಟುಹೋದರೆಂಬ ಕೊರಗು ಅಂದು ಶುರುವಾದದ್ದು ಇಂದಿಗೂ ಪೂರ್ತಿ ಅಳಿದಿಲ್ಲ.

ಈ ವಾದಕ್ಕೆ ಬಲ ಕೊಟ್ಟವರು ಕೆ.ಎಲ್. ರಾಹುಲ್. 2013ರಲ್ಲಿ ಆರ್‌ಸಿಬಿಯಲ್ಲಿ ಆರಂಭಿಸಿ, ಹೈದರಾಬಾದಿಗೆ ಹೋಗಿ, 2016ರಲ್ಲಿ ಮರಳಿ, 2018ರಲ್ಲಿ 11 ಕೋಟಿಗೆ ಪಂಜಾಬ್ ಸೇರಿದರು. 2024ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಹರಾಜು ನಡೆದಾಗ ರಾಹುಲ್ ಮನೆಗೆ ಬರುತ್ತಾರೆಂದು ಅಭಿಮಾನಿಗಳು ಕಾದಿದ್ದರು. 14 ಕೋಟಿಗೆ ಅವರು ಡೆಲ್ಲಿಯ ಪಾಲಾದರು. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಔಟಾಗದೆ 93 ರನ್ ಹೊಡೆದು ಆರ್‌ಸಿಬಿಯನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ನೆಲ ಎಂಬಂತೆ ತೋರಿಸಿದರು. ಸೋತ ತಂಡದ ಅಭಿಮಾನಿಗಳಲ್ಲೂ ಎಷ್ಟೋ ಮಂದಿಗೆ ಆ ಹೊತ್ತಿನಲ್ಲಿ ಹೆಮ್ಮೆಯೆನಿಸಿತು.

ಆದರೆ ಮಣ್ಣಿನ ವಾದ ಪೂರ್ತಿ ನಿಲ್ಲುವುದಿಲ್ಲ. ಕಿತ್ತೂರು ಉತ್ಸವದ ಕುಸ್ತಿ ಕಣವನ್ನು ನೆನಪಿಸಿಕೊಳ್ಳಿ. ಹೊರಗಿನ ಪೈಲ್ವಾನ ಬಂದು ಒಳ್ಳೆಯ ಪಟ್ಟು ಹಾಕಿದರೆ ಯಾವ ಊರಿನವನೆಂದು ಕೇಳದೆ ಜನ ಚಪ್ಪಾಳೆ ತಟ್ಟುತ್ತಾರೆ. ಡೆಲ್ಲಿಯ ಹುಡುಗ ಕೊಹ್ಲಿ, ದಕ್ಷಿಣ ಆಫ್ರಿಕದ ಎ.ಬಿ. ಡಿವಿಲಿಯರ್ಸ್, ಜಮೈಕಾದ ಕ್ರಿಸ್ ಗೇಲ್ ಇವರನ್ನು ಕನ್ನಡದ ಜನ ಮನೆಮಕ್ಕಳಂತೆ ಕಂಡದ್ದು ಅದೇ ಗುಣದಿಂದ. ಗೇಲ್ 2011ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದರು. ಗಾಯಗೊಂಡ ಡರ್ಕ್ ನ್ಯಾನಿಸ್ ಬದಲಿಗೆ ಬಂದವರು ಮೊದಲ ಪಂದ್ಯದಲ್ಲೇ ಶತಕ ಹೊಡೆದು, ಆ ಋತುವಿನಲ್ಲಿ 608 ರನ್ ಗಳಿಸಿ ಅಗ್ರಸ್ಥಾನ ಪಡೆದರು. ಸವಾಲಿನಲ್ಲಿ ಯಾರೂ ಕೂಗದ ಸರಕೇ ಆ ವರ್ಷದ ಚಿನ್ನವಾಯಿತು.

ಎರಡನೆಯದು ಋಣದ ವಾದ. ವರ್ಷಗಟ್ಟಲೆ ದುಡಿದವನನ್ನು ಹಣದ ಲೆಕ್ಕಕ್ಕಾಗಿ ಕೈಬಿಡಬಾರದು ಎಂಬುದು ಇದರ ಸಾರ. 2014ರಿಂದ 2021ರವರೆಗೆ ಆಡಿದ ಯಜುವೇಂದ್ರ ಚಹಲ್ ಅವರನ್ನು ಉಳಿಸಿಕೊಳ್ಳಲಿಲ್ಲ. ರಾಜಸ್ಥಾನ 6.5 ಕೋಟಿಗೆ ಕೊಂಡಿತು. 2022ರಲ್ಲಿ ಅವರು 27 ವಿಕೆಟ್ ಕಿತ್ತು ಎಲ್ಲರಿಗಿಂತ ಮುಂದಿದ್ದರು. ಇಲ್ಲಿ ಅಭಿಮಾನಿಗಳ ಕೋಪ ಸರಿಯೆಂದು ಅಂಕಿಯೇ ಹೇಳಿತು. ಏಳು ಋತು ಆಡಿದ ಮೊಹಮ್ಮದ್ ಸಿರಾಜ್ 2024ರ ಹರಾಜಿನಲ್ಲಿ 12.25 ಕೋಟಿಗೆ ಗುಜರಾತಿಗೆ ಹೋದರು. 2025ರ ಏಪ್ರಿಲ್ 2ರಂದು ಚಿನ್ನಸ್ವಾಮಿಗೆ ಬಂದು 19 ರನ್‌ಗೆ 3 ವಿಕೆಟ್ ಪಡೆದು ಹಳೆಯ ತಂಡವನ್ನು ಸೋಲಿಸಿದರು. ಎಂಟು ದಿನಗಳ ಅಂತರದಲ್ಲಿ ಸಿರಾಜ್ ಮತ್ತು ರಾಹುಲ್ ಇಬ್ಬರೂ ಬಂದು ಹೊಡೆದುಹೋದಾಗ, ಮೊದಲೇ ಹೇಳಿರಲಿಲ್ಲವೇ ಎನ್ನುವವರ ದನಿ ಜೋರಾಯಿತು.

ಮೂರನೆಯದು ಲೆಕ್ಕದ ವಾದ. ಹೆಸರು ನೋಡಬೇಡಿ, ಯಾವ ಜಾಗ ಖಾಲಿ ಇದೆ ಎಂದು ನೋಡಿ ಎನ್ನುತ್ತದೆ ಅದು. ಸಿರಾಜ್‌ಗೆ ಕೊಡದ ಹಣ ಎಲ್ಲಿಗೆ ಹೋಯಿತು? ಜೋಶ್ ಹ್ಯಾಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ. ಮೂವತ್ತು ದಾಟಿದವರಿಗೆ ಇಷ್ಟು ಹಣವೇ ಎಂದು ಗೊಣಗಿದವರಿದ್ದರು. ಆ ಋತುವಿನಲ್ಲಿ ಹ್ಯಾಜಲ್‌ವುಡ್ 22 ವಿಕೆಟ್, ಭುವನೇಶ್ವರ್ ಮತ್ತು ಕೃಣಾಲ್ ತಲಾ 17 ವಿಕೆಟ್ ಪಡೆದರು. ತವರಿನ ಮೊದಲ ಮೂರೂ ಪಂದ್ಯ ಸೋತ ಆರ್‌ಸಿಬಿ, ಲೀಗ್ ಹಂತದಲ್ಲಿ ಹೊರಗೆ ಆಡಿದ ಏಳಕ್ಕೆ ಏಳೂ ಪಂದ್ಯ ಗೆದ್ದಿತು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಮಣಿಸಿ ಮೊದಲ ಸಲ ಕಪ್ ಎತ್ತಿತು. 2009, 2011, 2016ರ ಫೈನಲ್‌ಗಳಲ್ಲಿ ಸೋತ ನೋವು ಅಂದು ತೀರಿತು. 17 ರನ್ ಕೊಟ್ಟು 2 ವಿಕೆಟ್ ಪಡೆದ ಕೃಣಾಲ್ ಪಂದ್ಯಪುರುಷ. ಹರಾಜಿನ ದಿನ ಇವರಿಗಾಗಿ ಹಾಡಿ ಕುಣಿದವರು ಕಡಿಮೆ.

ಹಾಗಾದರೆ ಲೆಕ್ಕವೇ ಗೆದ್ದಿತೇ? ಕಬಡ್ಡಿಯ ಉದಾಹರಣೆ ನೋಡಿದರೆ ಅದೂ ಅಷ್ಟು ಸರಳವಲ್ಲ. 2019ರ ಜನವರಿಯಲ್ಲಿ ಪವನ್ ಸೆಹ್ರಾವತ್ ಫೈನಲ್‌ನಲ್ಲಿ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆಲ್ಲಿಸಿದರು. 2022ರಲ್ಲಿ 2.26 ಕೋಟಿಗೆ ಅವರು ತಮಿಳ್ ತಲೈವಾಸ್ ಸೇರಿದಾಗ ಅಭಿಮಾನಿಗಳು ಮರುಗಿದರು. ಮೊದಲ ಪಂದ್ಯದಲ್ಲೇ ಪವನ್ ಗಾಯಗೊಂಡು ಹೊರಬಿದ್ದರು, ಬುಲ್ಸ್ ಸೆಮಿಫೈನಲ್ ತಲುಪಿತು. ಅದನ್ನು ಜಾಣತನ ಎನ್ನಬೇಕೋ ಅದೃಷ್ಟ ಎನ್ನಬೇಕೋ? 2024ರಲ್ಲಿ ಅದೇ ಬುಲ್ಸ್, ತಮ್ಮಲ್ಲೇ ಆಟ ಆರಂಭಿಸಿದ್ದ ಪ್ರದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ಮರಳಿ ತಂದಿತು. ಹಳೆಯ ಹುಲಿ ಮನೆಗೆ ಬಂತೆಂದು ಸಂಭ್ರಮವಾಯಿತು. ತಂಡ ಮಾತ್ರ ಕೊನೆಯ ಸ್ಥಾನದಲ್ಲಿ ನಿಂತಿತು. ಪ್ರೀತಿಯೂ ತಪ್ಪುತ್ತದೆ, ಲೆಕ್ಕವೂ ತಪ್ಪುತ್ತದೆ.

ಇಲ್ಲಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ನಿರ್ಧಾರ ಯಾರದೇ ಆಗಿರಲಿ, ಅದರ ಸುಖದುಃಖ ಅನುಭವಿಸುವವನು ಅಭಿಮಾನಿ. ಆದರೆ ನಿರ್ಧಾರದಲ್ಲಿ ಆತನಿಗೆ ಪಾಲಿಲ್ಲ. ಆಸ್ಟ್ರೇಲಿಯಾದ ದೇಶೀ ಫುಟ್‌ಬಾಲ್‌ನಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಹರಾಜಿಲ್ಲ. ಋತು ಮುಗಿದ ಮೇಲೆ ಕ್ಲಬ್‌ಗಳು ಆಟಗಾರರನ್ನೂ, ಹೊಸ ಹುಡುಗರನ್ನು ಆರಿಸುವ ಸರದಿಯನ್ನೂ ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ. ಅಲ್ಲಿನ ಹೆಚ್ಚಿನ ಕ್ಲಬ್‌ಗಳು ಸದಸ್ಯರದ್ದು. ಲಕ್ಷಕ್ಕೂ ಮೀರಿ ಸದಸ್ಯರಿರುವ ಕ್ಲಬ್‌ಗಳಿವೆ. ಚಂದಾ ಕಟ್ಟಿದವರು ಆಡಳಿತ ಮಂಡಳಿಯ ಆಯ್ಕೆಯಲ್ಲಿ ಮತ ಹಾಕುತ್ತಾರೆ. ಇಲ್ಲಿನ ತಂಡಗಳು ಮಾಲೀಕರ ಆಸ್ತಿ. ಅಭಿಮಾನಿ ಟಿಕೆಟ್ ಕೊಳ್ಳುವವನು, ಕೂಗುವವನು, ಅಷ್ಟೇ. ಕಪ್ ಗೆದ್ದ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಬಿಟ್ಟರು. ಆಟಗಾರರ ಬೆಲೆ ಲಕ್ಷದ ಮಟ್ಟಿಗೆ ಲೆಕ್ಕ ಹಾಕುವ ವ್ಯವಸ್ಥೆಯಲ್ಲಿ ಅಭಿಮಾನಿಯ ಜೀವಕ್ಕೆ ಎಷ್ಟು ಲೆಕ್ಕವಿದೆ ಎಂಬ ಪ್ರಶ್ನೆಯನ್ನು ಆ ದಿನ ಎತ್ತಿತು.

ಇನ್ನೊಂದು ಸಂಗತಿ ಈ ಭಾಗಕ್ಕೇ ಸೇರಿದ್ದು. 2009ರಲ್ಲಿ ಆರಂಭವಾಗಿ 2019ರವರೆಗೆ ನಡೆದ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬೆಳಗಾವಿ ಪ್ಯಾಂಥರ್ಸ್ ಎಂಬ ತಂಡವಿತ್ತು. 2022ರಲ್ಲಿ ಮಹಾರಾಜ ಟ್ರೋಫಿ ಆರಂಭವಾದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ ಎಂಬ ಆರು ಹೆಸರುಗಳಿದ್ದವು. ಬೆಳಗಾವಿಯ ಹೆಸರಿರಲಿಲ್ಲ. ಬೆಳಗಾವಿಯಲ್ಲಿ ಮೈದಾನವಿಲ್ಲವೆಂದಲ್ಲ, 2019ರಲ್ಲಿ ಭಾರತ ‘ಎ’ ಮತ್ತು ಶ್ರೀಲಂಕಾ ‘ಎ’ ತಂಡಗಳು ಅಲ್ಲಿ ಆಡಿವೆ. ಸಿರಾಜ್ ಒಬ್ಬರು ಹೋದದ್ದಕ್ಕೆ ತಿಂಗಳುಗಟ್ಟಲೆ ಚರ್ಚಿಸಿದ ಕಟ್ಟೆಗಳಲ್ಲಿ, ಜಿಲ್ಲೆಯ ಇಡೀ ತಂಡವೇ ಪಟ್ಟಿಯಿಂದ ಮಾಯವಾದದ್ದರ ಚರ್ಚೆ ಎಷ್ಟು ನಡೆಯಿತು?

ಮಣ್ಣಿನ ವಾದಕ್ಕೆ ನಿಜವಾದ ಅರ್ಥ ಇರುವುದು ಇಲ್ಲಿಯೇ. ಹರಾಜಿನ ಪಟ್ಟಿಗೆ ಹೆಸರು ಸೇರಬೇಕಾದರೆ ಹುಡುಗನೊಬ್ಬ ಮೊದಲು ರಾಜ್ಯದ ಆಯ್ಕೆಗಾರರ ಕಣ್ಣಿಗೆ ಬೀಳಬೇಕು. ರಾಮದುರ್ಗದ ಅಥವಾ ಸವದತ್ತಿಯ ಹುಡುಗನಿಗೆ ಆ ಮೆಟ್ಟಿಲು ಜಿಲ್ಲೆಯ ತಂಡ. ಮೆಟ್ಟಿಲೇ ಇಲ್ಲದಿದ್ದರೆ ಮಾಳಿಗೆಯ ಮೇಲೆ ಯಾರಿದ್ದಾರೆಂದು ಜಗಳವಾಡಿ ಫಲವೇನು?

ಮುಂದಿನ ಹರಾಜಿನಲ್ಲೂ ಪ್ರೀತಿಯ ಆಟಗಾರ ಹೋಗುತ್ತಾನೆ, ಹೊಸಬ ಬರುತ್ತಾನೆ. ಬೈಯಿರಿ, ಹೊಗಳಿರಿ, ಲೆಕ್ಕ ಹಾಕಿರಿ. ಅದು ಅಭಿಮಾನಿಯ ಹಕ್ಕು. ಅದರ ಜೊತೆಗೆ ಬೆಳಗಾವಿಯ ತಂಡ ಎಲ್ಲಿ, ತಾಲ್ಲೂಕಿನ ಮೈದಾನ ಎಲ್ಲಿ, ಶಾಲೆಗೆ ದೈಹಿಕ ಶಿಕ್ಷಕರು ಎಲ್ಲಿ ಎಂದೂ ಅಷ್ಟೇ ಜೋರಾಗಿ ಕೇಳಿರಿ. ಆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಜೆಡ್ಡಾದಲ್ಲಿಲ್ಲ, ಇಲ್ಲೇ ಇದ್ದಾರೆ.