ದತ್ತುಪುತ್ರತ್ವ ಮತ್ತು ಅನಾಥ ಶಿಶು
(ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ದಿನದಂದು ಮಾಡಿದ ಭಾಷಣ)



ಅನಾಥ ಮಕ್ಕಳ ಪೋಷಣೆ ಹಾಗೂ ದತ್ತುಸ್ವೀಕಾರದ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಉತ್ಸವ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಮೇಲುನೋಟಕ್ಕೆ ಕೇವಲ ಕರುಣೆಯ ವಿಷಯವೆಂದು ತೋರುವ ಇದರಲ್ಲಿ ನ್ಯಾಯದ ಪ್ರಶ್ನೆಯೂ ಅಡಗಿದೆ ಎಂಬುದನ್ನು ತಮ್ಮ ಮುಂದಿಡಲು ಇಚ್ಛಿಸುತ್ತೇನೆ.

ಪ್ರೇಷಿತ ಪೌಲರು ರೋಮನರಿಗೂ ಗಲಾತ್ಯರಿಗೂ ಬರೆದ ಪತ್ರಗಳಲ್ಲಿ, ದೇವರೊಡನೆ ನಮಗಿರುವ ಸಂಬಂಧವನ್ನು ವಿವರಿಸಲು ದತ್ತುಪುತ್ರತ್ವವೆಂಬ ಪದವನ್ನೇ ಆರಿಸಿಕೊಂಡಿದ್ದಾರೆ. ಆ ಕಾಲದ ರೋಮನ್ ಕಾನೂನಿನಲ್ಲಿ ದತ್ತಕ್ಕೆ ಬಂದವನಿಗೆ ಹೊಸ ತಂದೆಯ ಹೆಸರೂ ಆಸ್ತಿಯ ಹಕ್ಕೂ ಪೂರ್ಣವಾಗಿ ಸಲ್ಲುತ್ತಿದ್ದವು. ಮತ್ತಾಯನ ಶುಭಸಂದೇಶದ ಪ್ರಕಾರ ಬಾಲಯೇಸುವಿಗೆ ಹೆಸರಿಟ್ಟವರು ಸಂತ ಜೋಸೆಫರು. ಹೆಸರಿಟ್ಟು ಅವರು ತಂದೆಯ ಹೊಣೆಯನ್ನು ಲೋಕದ ಮುಂದೆ ಒಪ್ಪಿಕೊಂಡರು. ಹೀಗಿರಲು, ‘ಪಾಪ, ಅದು ಸಾಕಿಕೊಂಡ ಮಗು’ ಎಂದು ದನಿ ತಗ್ಗಿಸಿ ಆಡುವ ಮಾತು ನಮ್ಮವರ ಬಾಯಲ್ಲೇ ಬರುವುದು ಸೋಜಿಗವೇ ಸರಿ.

ದೂರದೇಶದ ಮಕ್ಕಳನ್ನು ಸಲಹುವ ಕಾರ್ಯ ಧರ್ಮಸಭೆಗೆ ಹೊಸದಲ್ಲ. ಫ್ರಾನ್ಸಿನ ನಾನ್ಸಿಯ ಬಿಷಪರಾಗಿದ್ದ ಫೋರ್ಬಿನ್-ಜಾನ್ಸನ್ ಅವರು 1843ರಲ್ಲಿ ಪವಿತ್ರ ಬಾಲ್ಯದ ಸಂಘವನ್ನು ಸ್ಥಾಪಿಸಿದರು. ಫ್ರಾನ್ಸಿನ ಬಾಲಕ ಬಾಲಕಿಯರು ತಿಂಗಳಿಗೊಂದು ಬಿಡಿಕಾಸನ್ನೂ ದಿನಕ್ಕೊಂದು ‘ನಮೋ ಮರಿಯಾ’ ಪ್ರಾರ್ಥನೆಯನ್ನೂ ಚೀನಾ ದೇಶದ ಪರಿತ್ಯಕ್ತ ಶಿಶುಗಳಿಗಾಗಿ ಸಲ್ಲಿಸುತ್ತಿದ್ದರು. ಮುಂದೆ ಅಮೆರಿಕದ ಕಥೋಲಿಕ ಶಾಲೆಗಳಲ್ಲಿ, ಇಷ್ಟು ಹಣ ಕೂಡಿದರೆ ಒಂದು ಶಿಶುವಿನ ‘ಬಿಡುಗಡೆ’, ಅದಕ್ಕೆ ತಮಗೆ ಬೇಕಾದ ಸಂತರ ಹೆಸರನ್ನಿಡುವ ಅವಕಾಶ ಎಂಬ ರೂಢಿ ಬೆಳೆಯಿತು. ಆ ಎಳೆಯರ ಪ್ರೀತಿ ನಿಷ್ಕಪಟವಾದುದು. ಆದರೆ ಆ ಶಿಶುವಿಗೆ ಆಗಲೇ ಒಂದು ಹೆಸರಿದ್ದೀತು, ಹೆಸರಿಟ್ಟ ತಾಯಿಯೊಬ್ಬಳು ಇದ್ದಾಳು ಎಂಬ ವಿಚಾರ ಆ ರೂಢಿಯೊಳಗೆ ಎಲ್ಲಿಯೂ ಕಾಣದು.

ಇದಕ್ಕಿಂತ ಮೇಲಾದ ಮಾದರಿಯನ್ನು ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ತೋರಿದರು. ಮೊದಲ ಮಹಾಯುದ್ಧದ ತರುವಾಯ ಮಧ್ಯ ಯೂರೋಪಿನ ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾಗ, 1919ರ ನವೆಂಬರಿನಲ್ಲಿ ಅವರು ವಿಶ್ವಪತ್ರವನ್ನು ಹೊರಡಿಸಿ, ಹೆರೋದನು ಕೊಲ್ಲಿಸಿದ ಮುಗ್ಧ ಶಿಶುಗಳ ಹಬ್ಬವಾದ ಡಿಸೆಂಬರ್ 28ರಂದು ಎಲ್ಲ ದೇವಾಲಯಗಳಲ್ಲೂ ಕಾಣಿಕೆ ಎತ್ತುವಂತೆ ಕೋರಿದರು. ಮರುವರ್ಷದ ಪತ್ರದಲ್ಲಿ ‘ಸೇವ್ ದ ಚಿಲ್ಡ್ರನ್’ ನಿಧಿಯನ್ನು ಹೆಸರಿಸಿ ಹೊಗಳಿದರು. ಆ ನಿಧಿಯ ಸಂಸ್ಥಾಪಕಿಯಾದ ಎಗ್ಲಂಟೈನ್ ಜೆಬ್ ಕಥೋಲಿಕರಲ್ಲ, ಆಂಗ್ಲಿಕನ್ ಮನೆತನದವರು. ಹಸಿದ ಮಗುವಿನ ಮುಂದೆ ಪಂಗಡದ ಲೆಕ್ಕವನ್ನು ಜಗದ್ಗುರುಗಳು ಕೇಳಲಿಲ್ಲ.

ಇನ್ನು ಮಕ್ಕಳನ್ನೇ ಹೊರದೇಶಕ್ಕೆ ಕರೆದೊಯ್ಯುವ ದತ್ತುಸ್ವೀಕಾರದ ಮಾತು. ಕೊರಿಯಾ ಯುದ್ಧದ ನಂತರ, 1955ರಲ್ಲಿ, ಅಮೆರಿಕದ ಆರೆಗಾನ್ ಪ್ರಾಂತದ ರೈತ ಹ್ಯಾರಿ ಹೋಲ್ಟ್ ಮತ್ತು ಅವರ ಪತ್ನಿ ಬರ್ತಾ ಎಂಟು ಮಂದಿ ಕೊರಿಯನ್ ಮಕ್ಕಳನ್ನು ದತ್ತು ಪಡೆದರು. ದೃಢ ವಿಶ್ವಾಸವುಳ್ಳ ಪ್ರಾಟೆಸ್ಟಂಟ್ ದಂಪತಿಗಳವರು. ಅವರು ತೆರೆದ ದಾರಿಯಲ್ಲಿ ಅನೇಕ ಸಂಸ್ಥೆಗಳು ನಡೆದವು. ಶತಮಾನ ಮುಗಿಯುವುದರೊಳಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಮೀರಿದ ಮಕ್ಕಳು ಆ ಪುಟ್ಟ ದೇಶವನ್ನು ಬಿಟ್ಟುಹೋದರು. 2025ರ ಮಾರ್ಚಿಯಲ್ಲಿ ದಕ್ಷಿಣ ಕೊರಿಯಾದ ಸತ್ಯ ಮತ್ತು ಸಂಧಾನ ಆಯೋಗವು ಹೊರಗೆಡಹಿದ ಸಂಗತಿ ಕಠೋರವಾದುದು: ಹೆತ್ತವರಿದ್ದ ಮಕ್ಕಳನ್ನೂ ಅನಾಥರೆಂದು ಕಾಗದದಲ್ಲಿ ಬರೆದು ಕಳುಹಿಸಿದ್ದುಂಟು.

ಇದು ಪರರ ಮನೆಯ ಕಥೆಯೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. ಕಥೋಲಿಕ ಐರ್ಲೆಂಡಿನಲ್ಲಿ ಅವಿವಾಹಿತ ತಾಯಂದಿರನ್ನು ಇರಿಸುತ್ತಿದ್ದ ಆಶ್ರಮಗಳಿದ್ದವು. ಅವುಗಳಲ್ಲಿ ಹಲವನ್ನು ನಡೆಸಿದವರು ಧರ್ಮಭಗಿನಿಯರು. 1940ರ ದಶಕದ ಕೊನೆಯಿಂದ ಸುಮಾರು ಎರಡು ಸಾವಿರ ಮಕ್ಕಳು ಆ ನಾಡಿನಿಂದ ಅಮೆರಿಕದ ಕಥೋಲಿಕ ಮನೆಗಳಿಗೆ ಹೋದರು. ಆ ಮನೆಗಳಲ್ಲಿ ಪ್ರೀತಿಯಿರಲಿಲ್ಲವೆಂದು ಯಾರೂ ಹೇಳರು. ಆದರೆ ಸಹಿ ಹಾಕಿದ ತಾಯಂದಿರಲ್ಲಿ ಎಷ್ಟೋ ಮಂದಿಗೆ ಬೇರೆ ದಾರಿಯೇ ಇರಲಿಲ್ಲ. 2021ರ ಜನವರಿಯಲ್ಲಿ ತನಿಖಾ ಆಯೋಗದ ವರದಿ ಹೊರಬಂದಾಗ ಅಲ್ಲಿಯ ಪ್ರಧಾನಿಯೂ ಮಹಾಧರ್ಮಾಧ್ಯಕ್ಷರೂ ಬಹಿರಂಗವಾಗಿ ಕ್ಷಮೆ ಬೇಡಿದರು. ತಾಯಿಯ ಲಜ್ಜೆಯನ್ನು ಮುಚ್ಚುವುದಕ್ಕೆ ಮಗುವನ್ನು ಕಳುಹಿಸುವುದು ಧರ್ಮಕಾರ್ಯವೆನಿಸಿದ್ದೇ ಈ ಅನರ್ಥಕ್ಕೆ ಮೂಲವೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಕಟ್ಟುಪಾಡು ಬಂದುದು ಒಂದು ಕಾಗದದಿಂದ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ, 1984ರಲ್ಲಿ ನ್ಯಾಯಮೂರ್ತಿ ಭಗವತಿಯವರು ತೀರ್ಪಿತ್ತರು: ಮೊದಲು ಹೆತ್ತವರ ಆಶ್ರಯ, ಅದಾಗದಿದ್ದರೆ ಭಾರತೀಯ ಕುಟುಂಬ, ಅದೂ ದೊರೆಯದಾಗ ಮಾತ್ರ ಹೊರದೇಶ. 1993ರ ಹೇಗ್ ಒಪ್ಪಂದವೂ ಇದೇ ಕ್ರಮವನ್ನು ಹೇಳಿತು. ಭಾರತವು 2003ರಲ್ಲಿ ಅದನ್ನು ಅಂಗೀಕರಿಸಿತು.

ಇಲ್ಲಿ ಕ್ರೈಸ್ತರಾದ ನಾವು ತಿಳಿದಿರಬೇಕಾದ ಸಂಗತಿಯೊಂದಿದೆ. 1956ರ ದತ್ತಕ ಕಾಯ್ದೆ ಹಿಂದೂಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ನಮ್ಮವರಿಗಿದ್ದದ್ದು 1890ರ ಕಾಯ್ದೆಯ ಪಾಲಕತ್ವ; ಮಗು ಪ್ರಾಯಕ್ಕೆ ಬಂದೊಡನೆ ಅದು ಮುಗಿಯುತ್ತಿತ್ತು. ದತ್ತುಪುತ್ರತ್ವವನ್ನು ಬಲಿಪೂಜೆಯಲ್ಲಿ ಓದಿ ಕೇಳುತ್ತಿದ್ದವರಿಗೇ ಅದು ಕಚೇರಿಯಲ್ಲಿ ದೊರೆಯುತ್ತಿರಲಿಲ್ಲ! 2000ದ ಬಾಲನ್ಯಾಯ ಕಾಯ್ದೆ ಮತ್ತು ಅದರ 2006ರ ತಿದ್ದುಪಡಿಯಿಂದ ಈ ಕೊರತೆ ನೀಗಿತು. ಯಾವ ಧರ್ಮದವರೇ ಆಗಲಿ ಈ ಕಾಯ್ದೆಯಡಿ ದತ್ತು ಪಡೆಯಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇಂದು ದೇಶದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳು ಕಾದಿವೆ. 2024-25ರಲ್ಲಿ ದತ್ತಕ್ಕೆ ಹೋದ ಮಕ್ಕಳು ಸುಮಾರು 4,500. ಹೆಚ್ಚಿನವರು ಬಯಸುವುದು ಆರೋಗ್ಯವಂತ ಹಸುಗೂಸನ್ನು. ಏಳೆಂಟು ವರ್ಷದ ಬಾಲಕ, ಕಾಯಿಲೆಯ ಕಂದ, ಅಗಲಲಾಗದ ಅಣ್ಣತಂಗಿಯರು ಹಿಂದುಳಿಯುತ್ತಾರೆ. ಇಂಥವರಲ್ಲಿ ಅನೇಕರು ಇಟಲಿ, ಸ್ಪೇನ್, ಅಮೆರಿಕಗಳಲ್ಲಿ ಮನೆ ಕಂಡಿದ್ದಾರೆ. ಹೊರದೇಶದ ದತ್ತಕ್ಕೆ ನಿಜವಾದ ಸ್ಥಾನವಿರುವುದು ಇಲ್ಲಿ. ಆ ತಂದೆತಾಯಿಯರಿಗೆ ನಾವು ವಂದಿಸಲೇಬೇಕು.

ಜನರು ಸ್ಪಾನ್ಸರ್‌ಶಿಪ್ ಎನ್ನುವ ಪೋಷಕತ್ವದ ದೊಡ್ಡ ಗುಣವೆಂದರೆ ಮಗು ತಾಯಿಯ ಮಡಿಲಲ್ಲೇ ಉಳಿಯುತ್ತದೆ. ಅದರ ದೋಷವೂ ಇಲ್ಲದಿಲ್ಲ. ಒಂದೇ ಮನೆಯಲ್ಲಿ ಒಬ್ಬನಿಗೆ ಹೊಸ ಚೀಲ, ಬೂಟು. ಉಳಿದಿಬ್ಬರು ನೋಡುತ್ತ ನಿಲ್ಲುವುದು. ಕಾಣದ ದಾನಿಗೆ ವರುಷಕ್ಕೊಮ್ಮೆ ನಗುಮುಖದ ಫೋಟೋ, ಕೃತಜ್ಞತೆಯ ಪತ್ರ. ಇದನ್ನರಿತ ಹಲವು ಸಂಸ್ಥೆಗಳು ಈಗ ಇಡೀ ಮನೆಗೋ ಊರಿಗೋ ನೆರವು ಸಲ್ಲುವಂತೆ ಮಾಡುತ್ತಿವೆ. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ವಿಧವೆಯರ, ಪತಿ ತೊರೆದ ತಾಯಂದಿರ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ನೆರವುಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಸಲ್ಲಿಸಬೇಕು. ಅರ್ಜಿ ಬರೆಯಲು ಬಾರದ ತಾಯಂದಿರು ನಮ್ಮ ಧರ್ಮಕೇಂದ್ರದಲ್ಲಿಯೇ ಇದ್ದಾರೆ. ಬರೆಯಬಲ್ಲ ಕಾಲೇಜು ತರುಣರೂ ಇದ್ದಾರೆ.

ಕೊನೆಯದಾಗಿ ಒಂದು ಬಿನ್ನಹ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 2015ರ ಬಾಲನ್ಯಾಯ ಕಾಯ್ದೆಯು ಎರಡು ತಿಂಗಳ ಕಾಲಾವಕಾಶ ನೀಡಿದೆ. ಆ ಎರಡು ತಿಂಗಳು ಅವಳ ಬಾಡಿಗೆ ಯಾರು ಕಟ್ಟುವರು, ಅವಳ ಬಾಗಿಲಿಗೆ ಯಾರು ಹೋಗುವರು? ಶತಮಾನೋತ್ಸವ ನಿಧಿಯಲ್ಲಿ ಗೋಪುರದ ದೀಪಾಲಂಕಾರಕ್ಕೆ ತೆಗೆದಿರಿಸಿದ ಮೊತ್ತದಲ್ಲಿ ಅರ್ಧವನ್ನು ಇದಕ್ಕೆಂದು ಬೇರೆಯಿರಿಸಿ, ಸಂತ ವಿನ್ಸೆಂಟ್ ದೆ ಪಾಲರ ಸಭೆಯವರ ಕೈಗೆ ಒಪ್ಪಿಸಬೇಕೆಂದು ಪೂಜ್ಯ ಗುರುಗಳಲ್ಲಿಯೂ ಸಮಿತಿಯವರಲ್ಲಿಯೂ ಪ್ರಾರ್ಥಿಸುತ್ತೇನೆ.