ಡ್ರೈಯರ್ ಸದ್ದು ಮಾಡಿದಾಗ



ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಓಡಾಡಿದವರಿಗೆ ವಿದ್ಯುತ್ ಮಗ್ಗಗಳ ಸದ್ದು ಪರಿಚಿತ. ಕಳೆದ ಮಳೆಗಾಲದಲ್ಲಿ ಆ ಊರಿನ ನನ್ನ ಅಕ್ಕನ ಮನೆಯಲ್ಲಿ ಬೇರೊಂದು ಸದ್ದು ಕೇಳಿಸಿತು. ಬಟ್ಟೆ ಒಗೆಯುವ ಯಂತ್ರದ ಡ್ರೈಯರ್ ಧಡಧಡನೆ ಕುಣಿಯುತ್ತಿತ್ತು. ವಿಜ್ಞಾನ ಪದವೀಧರನಾದ ನಾನು ಮೋಟಾರು ಕೆಟ್ಟಿದೆ ಎಂದು ತೀರ್ಪು ಕೊಟ್ಟು ಸ್ಕ್ರೂಡ್ರೈವರ್ ಹಿಡಿದೆ. ಪಕ್ಕದ ಮನೆಯ ಮಗ್ಗ ರಿಪೇರಿಯವರು ತಡೆದರು. "ಬಿಚ್ಚೋದು ಇರಲಿ ಸಾರ್, ಮೊದಲು ಕೇಳಿ. ಇಲ್ಲಿ ಎರಡು ಸದ್ದಿದೆ" ಎಂದರು. ಕಿವಿಗೊಟ್ಟೆ. ಧಡಧಡದ ಜೊತೆಗೆ ಸಣ್ಣದೊಂದು ಕರಕರ ಸದ್ದೂ ಇತ್ತು!

ನಮ್ಮ ಮನೆಗಳಲ್ಲಿ ಡ್ರೈಯರ್ ಎನ್ನುವುದು ಸಾಮಾನ್ಯವಾಗಿ ಎರಡು ತೊಟ್ಟಿಯ ಯಂತ್ರದ ಚಿಕ್ಕ ತೊಟ್ಟಿ. ಅದು ಬಟ್ಟೆಯನ್ನು ಕಾಯಿಸಿ ಒಣಗಿಸುವುದಿಲ್ಲ. ವೇಗವಾಗಿ ತಿರುಗಿಸಿ ನೀರನ್ನು ರಂಧ್ರಗಳ ಮೂಲಕ ಹೊರಕ್ಕೆ ಚಿಮ್ಮಿಸುತ್ತದೆ. ವೇಗ ನಿಮಿಷಕ್ಕೆ ಸುಮಾರು 1,300 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 22. ಈಗ ಒಂದು ಲೆಕ್ಕ ಮಾಡಿ. ನಡುವಿನಿಂದ 12 ಸೆಂಟಿಮೀಟರ್ ದೂರದಲ್ಲಿ, ಒಂದೇ ಪಕ್ಕಕ್ಕೆ 100 ಗ್ರಾಂ ಒದ್ದೆ ಬಟ್ಟೆ ಹೆಚ್ಚಾಗಿ ಕುಳಿತಿದೆ ಎನ್ನಿ. ಆಗ ತೊಟ್ಟಿಯನ್ನು ಎಳೆಯುವ ಬಲ ಸುಮಾರು 230 ನ್ಯೂಟನ್. ಅದು 23 ಕಿಲೋ ಅಕ್ಕಿ ಮೂಟೆಯ ಭಾರಕ್ಕೆ ಸಮ! ಆ ಎಳೆತ ಸೆಕೆಂಡಿಗೆ 22 ಬಾರಿ ಸುತ್ತಲೂ ದಿಕ್ಕು ಬದಲಿಸುತ್ತದೆ. ಯಂತ್ರ ಕುಣಿಯದೆ ಇರುತ್ತದೆಯೇ?

ಇನ್ನೊಂದನ್ನು ಗಮನಿಸಿದ್ದೀರಾ? ಡ್ರೈಯರ್ ಹೊರಡುವಾಗಲೂ ನಿಲ್ಲುವಾಗಲೂ ಹೆಚ್ಚು ನಡುಗುತ್ತದೆ. ಪೂರ್ಣ ವೇಗದಲ್ಲಿ ಶಾಂತವಾಗುತ್ತದೆ. ತೊಟ್ಟಿಯನ್ನು ಹೊತ್ತಿರುವ ಸ್ಪ್ರಿಂಗುಗಳಿಗೆ ತಮ್ಮದೇ ಆದ ಕಂಪನವಿದೆ. ತಿರುಗುವ ವೇಗ ಅದಕ್ಕೆ ಸರಿಹೊಂದುವ ಕ್ಷಣದಲ್ಲಿ ಅನುರಣನ ಉಂಟಾಗುತ್ತದೆ. ಪುಸ್ತಕದಲ್ಲಿ ಓದಿದ ಪಾಠ ಬಚ್ಚಲು ಮನೆಯಲ್ಲೇ ನಡೆಯುತ್ತಿದೆ! ಕ್ಷಣಕಾಲದ ಈ ನಡುಕ ದೋಷವಲ್ಲ. ನಡುಕ ನಿಲ್ಲದೇ ಮುಂದುವರಿದರೆ ಮಾತ್ರ ಯೋಚಿಸಬೇಕು.

ಹಾಗಾದರೆ ಪರೀಕ್ಷೆ ಹೇಗೆ? ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಬಟ್ಟೆ ತೆಗೆದು, ಮುಚ್ಚಳ ಹಾಕಿ, ಖಾಲಿ ತೊಟ್ಟಿ ತಿರುಗಿಸಿ. ಸದ್ದು ನಿಂತರೆ ತಪ್ಪು ಯಂತ್ರದ್ದಲ್ಲ, ಬಟ್ಟೆ ತುಂಬಿದ ರೀತಿಯದು. ಬಟ್ಟೆಯನ್ನು ಸುತ್ತಲೂ ಸಮವಾಗಿ ಹರಡಿ, ಮೇಲೆ ಪ್ಲಾಸ್ಟಿಕ್ ಬಿಲ್ಲೆ ಒತ್ತಿ. ಆಮೇಲೆ ಯಂತ್ರದ ನಾಲ್ಕು ಕಾಲೂ ನೆಲಕ್ಕೆ ತಾಗಿವೆಯೇ ನೋಡಿ. ಖಾಲಿ ಇದ್ದರೂ ಕರಕರ ಎಂದರೆ ಎರಡು ತೊಟ್ಟಿಗಳ ಸಂದಿನಲ್ಲಿ ನಾಣ್ಯವೋ ಗುಂಡಿಯೋ ಸಿಕ್ಕಿರಬಹುದು. ನಿಲ್ಲುವಾಗ ಮಾತ್ರ ಕಿರ್ರೆಂದರೆ ಬ್ರೇಕ್ ಸವೆದಿರಬಹುದು. ತಿರುಗುವಷ್ಟು ಹೊತ್ತೂ ಗೊರಗೊರ ಎಂದರೆ ಅಕ್ಷದ ಬುಷ್ ಅಥವಾ ಬೇರಿಂಗ್ ಸವೆದಿರಬಹುದು.

ಅಕ್ಕನ ಮನೆಯಲ್ಲಿ ಹೊದಿಕೆಯೊಂದು ಒಂದೇ ಪಕ್ಕ ಮುದ್ದೆಯಾಗಿತ್ತು. ಅದನ್ನು ಹರಡಿದೊಡನೆ ಧಡಧಡ ಹೋಯಿತು. ಪ್ಲಗ್ ಕಿತ್ತು, ಟಾರ್ಚ್ ಬಿಟ್ಟು ಸಂದಿನಲ್ಲಿ ನೋಡಿದರೆ ಒಂದು ರೂಪಾಯಿ ನಾಣ್ಯ. ರಿಪೇರಿಗೆ ಖರ್ಚಿಲ್ಲ, ಒಂದು ರೂಪಾಯಿ ಲಾಭ!

ಆದರೆ ಮಿತ್ರರೇ, ಕೆಲವು ಎಚ್ಚರಿಕೆಗಳು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಲೇಬೇಕು. ತಿರುಗುವ ತೊಟ್ಟಿ ಪೂರ್ತಿ ನಿಲ್ಲುವವರೆಗೆ ಕೈ ಹಾಕಬೇಡಿ. ಬಟ್ಟೆ ಕೈಗೆ ಸುತ್ತಿಕೊಂಡರೆ ಮೂಳೆ ಮುರಿಯಬಹುದು. ಹಿಂಬದಿಯ ಮುಚ್ಚಳವನ್ನು ನೀವು ಬಿಚ್ಚಬೇಡಿ. ಮೋಟಾರಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಬ್ರೇಕ್, ಬುಷ್, ಬೇರಿಂಗುಗಳ ಕೆಲಸ ತಿಳಿದವರದು. ಆದರೆ ಅವರಿಗೆ "ಏನೋ ಸದ್ದು ಬರುತ್ತಿದೆ" ಎನ್ನಬೇಡಿ. ಯಾವ ಸದ್ದು, ಯಾವಾಗ, ಬಟ್ಟೆ ಇದ್ದಾಗಲೋ ಇಲ್ಲದಾಗಲೋ ಹೇಳಿ. ಅರ್ಧ ರಿಪೇರಿ ಅಲ್ಲೇ ಮುಗಿಯಿತು.

ಅಂದು ನನ್ನ ಕೈಯಲ್ಲಿ ಪದವಿಯೂ ಇತ್ತು, ಸ್ಕ್ರೂಡ್ರೈವರೂ ಇತ್ತು. ಕಿವಿ ಮಾತ್ರ ನೆರೆಯವರದಾಗಿತ್ತು. ನೀವು ಹಾಗೆ ಮಾಡಬೇಡಿ. ಮೊದಲು ಕೇಳಿ, ಆಮೇಲೆ ಕೈ ಹಾಕಿ.